ಇಬ್ಬರು ಸವಾರರ ಪ್ರೀತಿಯನ್ನು ಬರೆದ ಬಗೆ

ಮೊದಲ ಮಹಾಯುದ್ಧಕ್ಕೆ ಹೋದ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯ ಇಬ್ಬರು ಗಂಡು ಸವಾರರ ನಡುವಿನ ಪ್ರೀತಿಯನ್ನು ಕಾದಂಬರಿ ಮಾಡಿದರೆ ಯಾರೂ ಕೊಳ್ಳುವುದಿಲ್ಲ ಎಂದವರೇ ಹೆಚ್ಚು. ಒಬ್ಬ ಪ್ರಕಾಶಕರಂತೂ ಇಬ್ಬರಲ್ಲಿ ಒಬ್ಬನನ್ನು ನರ್ಸ್ ಹುಡುಗಿ ಮಾಡಿಕೊಡಿ ಎಂದರು. ಕೈಯಿಂದ ಅರವತ್ತು ಸಾವಿರದಷ್ಟು ಹಾಕಿ 500 ಪ್ರತಿ ಅಚ್ಚು ಹಾಕಿಸಿದ್ದಾಯಿತು. ಅಷ್ಟೂ ಪ್ರತಿ ಖರ್ಚಾಗಿ ಈಗ ಎರಡನೇ ಮುದ್ರಣ ನಡೆದಿದೆ.

ಮೊದಲ ಎರಡು ಕರಡು ಕೆಟ್ಟಿದ್ದು ವಿವರದಲ್ಲಿ. ಕುದುರೆ ಪಡೆಯಲ್ಲಿ ಹವಾಲ್ದಾರ ಇಲ್ಲ. ಅಲ್ಲಿನ ದರ್ಜೆಗಳು ಕೆಳಗಿನಿಂದ ಮೇಲಕ್ಕೆ ಸವಾರ, ದಫೇದಾರ, ಜಮಾದಾರ, ರಿಸಾಲ್ದಾರ. ಇದು ತಪ್ಪಿದರೆ ಬಲ್ಲ ಓದುಗ ಮುಂದೆ ಬರುವ ಮುತ್ತನ್ನೂ ನಂಬುವುದಿಲ್ಲ. ಪ್ಯಾಲೆಸ್ತೀನಿನ ಹೈಫಾ ಊರಿನ ಮೇಲೆ 1918ರ ಸೆಪ್ಟೆಂಬರ್ 23ರಂದು ಈ ಪಡೆ ನಡೆಸಿದ ದಾಳಿಯ ಹಿಂದಿನ ರಾತ್ರಿ ಇಬ್ಬರನ್ನೂ ಕಗ್ಗತ್ತಲಲ್ಲಿ ಕೂಡಿಸಿದ್ದೆ. ಪಂಚಾಂಗ ಲೆಕ್ಕ ಹಾಕಿದರೆ 1918ರ ಸೆಪ್ಟೆಂಬರ್ 20ಕ್ಕೆ ಭಾದ್ರಪದ ಹುಣ್ಣಿಮೆ. 22ರ ರಾತ್ರಿ ಕತ್ತಲಾದ ಸ್ವಲ್ಪ ಹೊತ್ತಿಗೇ ಚಂದ್ರ. ಎಂಬತ್ತು ಪುಟ ಹೋಯಿತು. ಆದರೆ ಅದೇ ಲೆಕ್ಕದಿಂದ ಪಿತೃಪಕ್ಷ ಸಿಕ್ಕಿತು. ಅಪ್ಪನಿಗೆ ಎಡೆ ಇಡಲಾಗದ ಮರಾಠ ಸವಾರ ಬೇರೆ ಒಲೆಯಲ್ಲಿ ಉಣ್ಣುವ ತನ್ನ ಜೋಡಿ ಹುಸೇನನ ಕೈಗೆ ತನ್ನ ರೊಟ್ಟಿ ಇಟ್ಟು "ನೀನು ತಿಂದರೆ ಅವನಿಗೆ ಮುಟ್ಟುತ್ತೆ" ಅನ್ನುತ್ತಾನೆ. ಆ ರಾತ್ರಿಗೆ ಅಷ್ಟು ಸಾಕು.

ಸವಾರಿಯಲ್ಲಿ ಎಡಗೈ ಲಗಾಮಿಗೆ, ಬಲಗೈ ಭರ್ಜಿಗೆ. ಕೈ ಹಿಡಿಯುವ ಮಾತೇ ಇಲ್ಲ. ಸಾಲುಗಟ್ಟಿ ಹೋಗುವಾಗ ಮೊಣಕಾಲಿಗೆ ಮೊಣಕಾಲು, ರಿಕಾಬಿಗೆ ರಿಕಾಬು ತಾಗುತ್ತದೆ. ಇಡೀ ಪುಸ್ತಕದ ಸ್ಪರ್ಶವನ್ನು ಅಲ್ಲಿಗೇ ತಂದು ನಿಲ್ಲಿಸಿದೆ. ನನ್ನ ಮಟ್ಟಿಗೆ ಇಷ್ಟು ಚೆನ್ನಾಗಿ ಕೂತದ್ದು ಬೇರೊಂದಿಲ್ಲ. ಒಂಬತ್ತಡಿ ಬಿದಿರು ಹಿಡಿದು ಗುಡ್ಡ ಹತ್ತಿಯೂ ನೋಡಿದೆ. ಅರ್ಧ ಗಂಟೆಗೆ ಮುಂಗೈ ಮರಗಟ್ಟಿತು. ಹೈಫಾದ ಪಕ್ಕದ ಕಾರ್ಮೆಲ್ ಬೆಟ್ಟದ ಏರಿನ ಅಧ್ಯಾಯಕ್ಕೆ ಅದು ಒದಗಿತು. ಅಲ್ಲಿ ಕುದುರೆಗಳು ಕುಂಟಿ, ಸೋತು, ಮೈಸೂರಿನ ಒಂದು ಸ್ಕ್ವಾಡ್ರನ್ ತುಕಡಿಯಲ್ಲಿ ಕೊನೆಯ ನುಗ್ಗಾಟಕ್ಕೆ ಉಳಿದವರು ಹದಿನೈದರಷ್ಟು ಜನ. ಹಾಗಾಗಿ ಇಬ್ಬರನ್ನು ಅಗಲಿಸಲು ಗುಂಡು ಬೇಕಿಲ್ಲ, ಒಬ್ಬನ ಕುದುರೆಯ ಲಾಳ ಕಳಚಿದರೆ ಸಾಕು.

ಹೆಸರಿನ ವಿಷಯ ಎಚ್ಚರ. 1860ರ ದಂಡ ಸಂಹಿತೆಯಲ್ಲಿ ಗಂಡಸರಿಬ್ಬರ ಕೂಟವನ್ನು ಅಪರಾಧ ಎನ್ನುವ 377ನೇ ಕಲಂ ಇತ್ತು. ಆದರೆ ಸವಾರನ ಬಾಯಲ್ಲಿ 'ಸಲಿಂಗಪ್ರೇಮ' ಎಂಬ ಇಂದಿನ ಪದ ಬಂದರೆ ಅವನು ಆ ಕ್ಷಣವೇ ಸತ್ತ. 'ಜೋಡಿ' ಎಂದಷ್ಟೇ ಬರೆದೆ. ಹುಸೇನನ ಮಾತಿನಲ್ಲಿ ದಖನಿ ಉರ್ದು ನೂರಕ್ಕೆ ಹತ್ತು ಪಾಲು. ಮೂವತ್ತು ಹಾಕಿದಾಗ ಕರಡು ಓದಿದವರು ಎಡವಿದರು.

ಪತ್ರಗಳಿಗೆ ಸೆನ್ಸಾರ್ ಇತ್ತು. ಓದು ಬಾರದವನು ಇನ್ನೊಬ್ಬನಿಂದ ಬರೆಸಬೇಕು. ಅಂದರೆ ಮನೆ ಮುಟ್ಟುವ ಮೊದಲೇ ಬರೆದುಕೊಟ್ಟವನು, ಸೆನ್ಸಾರಿನವನು ಇಬ್ಬರೂ ಓದಿರುತ್ತಾರೆ. ಪ್ರೀತಿಯ ಮಾತು ಹಾಕಿದ ಪತ್ರಗಳೆಲ್ಲ ಸುಳ್ಳಾದವು. ಉಳಿದದ್ದು ಇದೊಂದು: "ಹುಸೇನ ಕ್ಷೇಮ. ಹುಸೇನನ ಕುದುರೆ ಕ್ಷೇಮ. ನಾನೂ ಕ್ಷೇಮ." ಇದನ್ನು ಯಾವ ಅಧ್ಯಾಯದಲ್ಲಿ, ಯಾರ ಕೈಯಲ್ಲಿ ಓದಿಸಿದರೆ ಕೆಲಸ ಮಾಡುತ್ತದೆ ಎಂಬ ಗುಟ್ಟು ಸದ್ಯಕ್ಕೆ ನನ್ನಲ್ಲೇ ಇರಲಿ, ಮುಂದಿನ ಪುಸ್ತಕಕ್ಕೂ ಬೇಕು.