ತೇಗದ ಹಡಗು, ಆಲೆ ಮರದ ಮಾದರಿ

ಶಿರಸಿ ಹತ್ತಿರದ ಅಜ್ಜನ ಮನೆ ಬಿಚ್ಚಿದಾಗ ಉಳಿದವರೆಲ್ಲ ಹಿತ್ತಾಳೆ ಪಾತ್ರೆ, ಮರದ ಪೆಟ್ಟಿಗೆ ಅಂತ ಹಂಚಿಕೊಂಡರು. ನಾನು ಒಂದು ಹಳೆ ಕಿಟಕಿಯ ದಾರಂದ ಹೊತ್ತುಕೊಂಡು ಬೆಂಗಳೂರಿಗೆ ಬಂದೆ. ಗಟ್ಟಿ ತೇಗ. ಎಷ್ಟು ಮಳೆಗಾಲ ಕಂಡಿತ್ತೋ ಏನೋ, ಗರಗಸ ಇಟ್ಟ ಕೂಡಲೇ ಒಳಗಿಂದ ಎಣ್ಣೆ ವಾಸನೆ ಬಂತು. ಇದರಲ್ಲಿ ಹಡಗು ಮಾಡಬೇಕು ಅಂತ ಅವತ್ತೇ ತೀರ್ಮಾನಿಸಿದ್ದೆ.

ಯಾವ ಹಡಗು ಅಂತ ಜಾಸ್ತಿ ಹುಡುಕಲಿಲ್ಲ. ಎಚ್‌ಎಂಎಸ್ ಟ್ರಿಂಕೋಮಲಿ. ಬ್ರಿಟಿಷ್ ನೌಕಾಪಡೆಯದ್ದಾದರೂ ಹುಟ್ಟಿದ್ದು ಬೊಂಬಾಯಿಯಲ್ಲಿ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಮರ ಸಾಲದೆ ಹೋಯಿತು. ಹಾಗಾಗಿ ಮಲಬಾರಿನ ತೇಗದಲ್ಲಿ ಪಾರ್ಸಿ ಹಡಗುಗಾರ ಜಮ್‌ಸೇಟ್‌ಜಿ ಬೊಮ್ಮನ್‌ಜಿ ವಾಡಿಯಾ ಇದನ್ನು ಕಟ್ಟಿದರು. 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಇವತ್ತೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಾ ನಿಂತಿದೆ. ತೇಗದ ಹಡಗಿಗೆ ತೇಗದ್ದೇ ಮಾದರಿ, ಅದೂ ಅಜ್ಜನ ಮನೆಯ ತೇಗ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಅಲ್ಲೇ ಎಡವಿದ್ದು.

ಮೊದಲು ಅಳತೆಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಆಚಾರಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ಅಸಲಿ ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಅರ್ಧ ನೂಲು ಅಂತ ಇಟ್ಟುಕೊಂಡೆ. ಅಂದರೆ 1:192. ಫಿರಂಗಿ ಅಟ್ಟದ ಉದ್ದ ಸುಮಾರು 150 ಅಡಿ, ಅದು ಒಂಬತ್ತು ಇಂಚು ಮೂರು ನೂಲು ಆಯಿತು. ಅಗಲ ಸುಮಾರು 40 ಅಡಿ, ಎರಡೂವರೆ ಇಂಚು. ಆರಡಿ ಆಳು ಬಾಸುಮತಿ ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ. ಟಿವಿ ಪಕ್ಕದ ಕಪಾಟಿನಲ್ಲಿ ಅಷ್ಟಕ್ಕೇ ಜಾಗ ಇದ್ದದ್ದು.

ಈ ಅಳತೆಗೆ ತೇಗ ಆಗೋದೇ ಇಲ್ಲ. ದಾರಂದದಿಂದ ಒಂದು ತೆಳು ಹಲಗೆ ಸೀಳಿ, ನಯ ಮಾಡಿ, ಭೂತಗನ್ನಡಿಯಲ್ಲಿ ನೋಡಿದೆ. ತೇಗದ ಮೈ ತುಂಬ ಸಣ್ಣ ಸಣ್ಣ ರಂಧ್ರಗಳು. ಒಂದು ರಂಧ್ರ 0.3 ಮಿಲಿಮೀಟರ್ ಅಂದುಕೊಳ್ಳಿ. ಅದನ್ನು 192ರಿಂದ ಗುಣಿಸಿದರೆ ಎರಡಿಂಚು ದಾಟುತ್ತದೆ! ಅಷ್ಟು ದೊಡ್ಡ ತೂತುಗಳಿರುವ ಹಲಗೆಯಲ್ಲಿ ಯಾರಾದರೂ ಯುದ್ಧಕ್ಕೆ ಹೋಗುತ್ತಾರಾ? ಸಾಲದ್ದಕ್ಕೆ ಆ ಎಣ್ಣೆಯಿಂದಾಗಿ ಫೆವಿಕಾಲ್ ಕೂಡ ಸರಿಯಾಗಿ ಹಿಡಿಯಲಿಲ್ಲ. ಅಸಲಿ ಹಡಗಿನ ಆಯಸ್ಸು ಇರೋದೇ ಆ ಎಣ್ಣೆಯಲ್ಲಿ. ಓಕ್ ಮರದ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತೇಗದ ಎಣ್ಣೆ ಕಾಯುತ್ತದೆ. ಹಡಗನ್ನು ಇನ್ನೂರು ವರ್ಷ ಉಳಿಸಿದ ಗುಣವೇ ನನ್ನ ಮೇಜಿನ ಮೇಲೆ ತೊಂದರೆಯಾಗಿ ಕೂತಿತ್ತು.

ಒಂದು ತಿಂಗಳು ಬೇಜಾರಲ್ಲಿ ಸುಮ್ನಿದ್ದೆ. ಆಮೇಲೆ ಮಗಳ ಹಳೆ ಚನ್ನಪಟ್ಟಣದ ಬುಗುರಿ ಕೈಗೆ ಸಿಕ್ಕಿತು. ಬಣ್ಣ ಕಿತ್ತುಹೋದ ಕಡೆ ಉಗುರಲ್ಲಿ ಕೆರೆದು ನೋಡಿದೆ. ಬೆಣ್ಣೆಯಂಥ ಬಿಳಿ ಮರ, ಎಳೆಯೇ ಕಾಣದಷ್ಟು ನಯ. ಅಲ್ಲಿನ ಗೊಂಬೆಗಳಿಗೆ ಬಳಸುವ ಆಲೆ ಮರ. ಮುಂದಿನ ಭಾನುವಾರವೇ ಚನ್ನಪಟ್ಟಣಕ್ಕೆ ಹೋಗಿ ಒಂದು ಚೀಲ ತುಂಡು ತಂದೆ. ನಮ್ಮ ಬೀದಿಯ ಆಚಾರಿ ಅವನ್ನು ಒಂದು ನೂಲು ದಪ್ಪದ ಹಲಗೆಗಳಾಗಿ ಸೀಳಿ, ಉಜ್ಜಿ ಕೊಟ್ಟರು. “ಇಷ್ಟು ತೆಳ್ಳಗೆ ಏನು ಮಾಡ್ತೀರಿ ಸಾರ್?” ಅಂದರು. ಹಡಗು ಅಂದೆ. ನಕ್ಕರು.

ಒಡಲು ಕಟ್ಟೋದು ಹಲಗೆ ಮೇಲೆ ಹಲಗೆ ಅಂಟಿಸುವ ರೀತಿ. ಹಡಗನ್ನು ನೆಲಕ್ಕೆ ಸಮನಾಗಿ ಪದರ ಪದರವಾಗಿ ಸೀಳಿದರೆ ಎಷ್ಟೆತ್ತರದಲ್ಲಿ ಎಷ್ಟಗಲ ಅಂತ ನಕ್ಷೆಯಲ್ಲೇ ಇರುತ್ತದೆ. ಒಂದೊಂದು ಹಲಗೆಯನ್ನು ಆ ಗೆರೆಗೆ ಕತ್ತರಿಸಿ, ನಡುಗೆರೆ ಹೊಂದಿಸಿ ಪೇರಿಸಬೇಕು. ನನ್ನದು 13 ಹಲಗೆ. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಗುಡ್ಡ ಸಿಗುತ್ತದೆ. ಆ ಮೆಟ್ಟಿಲುಗಳನ್ನು ಉಳಿಯಿಂದ ಸವರಿ, ಉಪ್ಪುಕಾಗದ ಹಿಡಿದರೆ ಒಡಲು. ಎರಡು ಕಡೆ ಒಂದೇ ಥರ ಬಂತಾ ಅಂತ ನೋಡೋಕೆ ಮದುವೆ ಕರೆಯೋಲೆಗಳ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡಿದ್ದೆ.

ಅಚ್ಚು ಒಂದೂ ಕೂರಲಿಲ್ಲ. ಎಡಗಡೆ ಸವರಿದೆ, ಬಲಗಡೆ ಸವರಿದೆ, ಉಹುಂ. ಎರಡು ಭಾನುವಾರ ಹಾಳಾದ ಮೇಲೆ ನಕ್ಷೆಯ ಮೇಲೇ ಸ್ಕೇಲ್ ಇಟ್ಟು ನೋಡಿದೆ. ಒಂಬತ್ತು ಇಂಚು ಮೂರು ನೂಲು ಇರಬೇಕಾದ ಗೆರೆ ಒಂಬತ್ತು ಇಂಚಿಗೇ ಮುಗಿದಿತ್ತು. ಜೆರಾಕ್ಸ್ ಅಂಗಡಿಯವರು ಹಾಳೆಗೆ ಹೊಂದಲಿ ಅಂತ ಒಂದು ನಕ್ಷೆಯನ್ನು ಕುಗ್ಗಿಸಿ, ಇನ್ನೊಂದನ್ನು ಇದ್ದ ಹಾಗೇ ತೆಗೆದಿದ್ದರು. ಮತ್ತೆ ಹೊಸ ನಕ್ಷೆ, ಮತ್ತೆ 13 ಹಲಗೆ. ಅಸಲಿ ಹಡಗಿನ ನಕ್ಷೆಯೂ ಎರಡನೇ ಸಲ ಬೊಂಬಾಯಿಗೆ ಬರಬೇಕಾಗಿತ್ತು ಅನ್ನೋದೊಂದೇ ಸಮಾಧಾನ. ಮೊದಲ ನಕ್ಷೆ ಹೊತ್ತು ಬರುತ್ತಿದ್ದ ಎಚ್‌ಎಂಎಸ್ ಜಾವಾ ಹಡಗನ್ನು 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಕರಾವಳಿಯ ಆಚೆ ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ಸೋಲಿಸಿತ್ತು. ನಕ್ಷೆ ಹಡಗಿನ ಜೊತೆಗೇ ಹೋಯಿತು. ನನ್ನದು ಎರಡು ರೂಪಾಯಿ ಪ್ರಿಂಟಿನ ನಷ್ಟ.

ಹಿಂಭಾಗದಲ್ಲಿ ಇನ್ನೊಂದು ತಪ್ಪು ಮಾಡಿದೆ. ಈಗಿನ ಫೋಟೋ ನೋಡಿ ಕೆತ್ತಿದ್ದೆ. ಆದರೆ 1847ರಲ್ಲಿ ಮತ್ತೆ ಸೇವೆಗೆ ಇಳಿಸುವಾಗ ಹಿಂಭಾಗದ ಆಕಾರವನ್ನೇ ಬದಲಿಸಿದ್ದರು. ನಾನು ಮಾಡುತ್ತಿದ್ದದ್ದು 1817ರ ಹಡಗು. ಕತ್ತರಿಸಿ ಬೇರೆ ತುಂಡು ಅಂಟಿಸಿದೆ. ನೀವು ಮಾಡೋದಾದರೆ ಯಾವ ವರ್ಷದ ಹಡಗು ಅಂತ ಮೊದಲೇ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಅಟ್ಟದ ಹಲಗೆ, ಬಣ್ಣ, ಪ್ರತಿ ಪಕ್ಕದ 14 ಫಿರಂಗಿ ಕಿಂಡಿಗಳು, ಇವೆಲ್ಲ ತಾಳ್ಮೆ ಇದ್ದರೆ ಆಗುವ ಕೆಲಸ. ಕೂವೆ ಮರಗಳಿಗೆ, ಅಂದರೆ ಹಾಯಿ ಹೊರುವ ನೆಟ್ಟನೆ ಕಂಬಗಳಿಗೆ, ಬಿದಿರು ಸೀಳಿ, ಕೈ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತಾ ಉಪ್ಪುಕಾಗದದಲ್ಲಿ ಹಿಡಿದೆ. ತುದಿಗೆ ಹೋದ ಹಾಗೆ ಸಣ್ಣಗಾಗುತ್ತದೆ. ಹಾಯಿ ಕಟ್ಟುವ ಅಡ್ಡ ಕಂಬಗಳಿಗೆ ಅಗರಬತ್ತಿ ಕಡ್ಡಿ. ದೇವರ ಮನೆಯಲ್ಲಿ ಉರಿದು ಉಳಿದ ಕಡ್ಡಿಗಳನ್ನು ಅಮ್ಮ ಎತ್ತಿಡುತ್ತಿದ್ದರು.

ಹಗ್ಗದ ಕಥೆ ಬೇರೆ. ಕೂವೆ ಮರವನ್ನು ಎರಡೂ ಪಕ್ಕದಿಂದ ಬಿಗಿಯುವ ಹಗ್ಗ ಒಂಬತ್ತು ಇಂಚು ಅಂತ ಲೆಕ್ಕದಲ್ಲಿತ್ತು. ಒಂಬತ್ತು ಇಂಚು ದಪ್ಪ ಅಂದುಕೊಂಡು ಭಾಗಿಸಿದೆ, 1.2 ಮಿಲಿಮೀಟರ್ ಬಂತು. ಕಪ್ಪು ದಾರ ತಂದು ಮುಂದಿನ ಕೂವೆಗೆ ಎರಡೂ ಪಕ್ಕ ಬಿಗಿದೆ. ರಾತ್ರಿ ದೂರದಿಂದ ನೋಡಿದರೆ ಹಡಗನ್ನು ಬಾವಿ ಹಗ್ಗದಲ್ಲಿ ಕಟ್ಟಿಹಾಕಿದ ಹಾಗಿತ್ತು. ಆಮೇಲೆ ತಿಳಿದದ್ದು, ಆ ಕಾಲದ ನಾವಿಕರು ಹಗ್ಗವನ್ನು ಹೇಳುತ್ತಿದ್ದದ್ದು ಸುತ್ತಳತೆಯಲ್ಲಿ. ಒಂಬತ್ತು ಇಂಚಿನ ಹಗ್ಗ ಅಂದರೆ ದಪ್ಪ ಮೂರು ಇಂಚಿಗೂ ಕಡಿಮೆ. ಮಾದರಿಯಲ್ಲಿ 0.4 ಮಿಲಿಮೀಟರೂ ಇಲ್ಲ. ಎಲ್ಲ ಬಿಚ್ಚಿದೆ.

ಆ ಹಗ್ಗಗಳ ಅಡ್ಡಕ್ಕೆ ನಾವಿಕರು ಹತ್ತಲು ಏಣಿಯಂತೆ ಕಟ್ಟುವ ಸಣ್ಣ ಹುರಿಗಳಿವೆಯಲ್ಲ, ಅವಕ್ಕೆ ತಲೆಕೂದಲಷ್ಟು ದಪ್ಪ ಸಾಕು. ದಾರ ಸಿಗಲಿಲ್ಲ. ಕೆಟ್ಟ ಗೋಡೆ ಗಡಿಯಾರದ ಯಂತ್ರ ಬಿಚ್ಚಿದರೆ ಒಳಗೆ ಒಂದು ಪುಟ್ಟ ತಾಮ್ರದ ಸುರುಳಿ ಇರುತ್ತದೆ, ಕೂದಲಿನಂಥ ತಂತಿ. ಒಂದು ಸುರುಳಿಯಲ್ಲೇ ಮೂರು ಹಡಗಿಗೆ ಆಗುವಷ್ಟಿತ್ತು. ಗಂಟು ಹಾಕೋದು ಆಗದ ಮಾತು. ಕಾಗದದ ಮೇಲೆ ಗೆರೆ ಎಳೆದು, ಎರಡು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ತಂತಿ ಹಾಸಿ, ನೀರು ಬೆರೆಸಿದ ಅಂಟನ್ನು ಸೂಜಿ ತುದಿಯಲ್ಲಿ ಮುಟ್ಟಿಸಿದೆ. ಫ್ಯಾನ್ ಆಫ್. ಉಸಿರೂ ಮೆಲ್ಲಗೆ. ಒಂದು ಸಲ ಸೀನು ಬಂದು ನಲವತ್ತು ಮೆಟ್ಟಿಲು ಹಾರಿಹೋದವು.

ಹಗ್ಗ ಬಿಗಿಯುವ ಮೂರು ತೂತಿನ ಮರದ ಬಿಲ್ಲೆಗಳಿಗೆ ಕರಿಮಣಿ ನೋಡಿದೆ, ದೊಡ್ಡದಾಯಿತು. ರಾಗಿ ಕಾಳು ಅಳತೆಗೆ ಸರಿ ಹೋಯಿತು, ಆದರೆ ರಾಗಿಗೆ ಮೂರು ತೂತು ಕೊರೆಯೋದು ಯಾರು? ಕೊನೆಗೆ ಕಪ್ಪು ಬಣ್ಣ ಬೆರೆಸಿದ ಅಂಟಿನ ಹನಿ ಇಟ್ಟೆ. ಒಂದಡಿ ದೂರದಿಂದ ಯಾರಿಗೂ ಗೊತ್ತಾಗೋದಿಲ್ಲ. ಇಷ್ಟು ಸಣ್ಣ ಮಾದರಿಯಲ್ಲಿ ಅರ್ಧ ಕೆಲಸ ಏನನ್ನು ಬಿಡಬೇಕು ಅಂತ ತೀರ್ಮಾನ ಮಾಡೋದೇ. ನಾನು ಹಾಯಿಗಳನ್ನೇ ಬಿಟ್ಟೆ. ಹಾಯಿ ಹಾಕಿದ್ದರೆ ಆ ಹುರಿಗಳೆಲ್ಲ ಮುಚ್ಚಿಹೋಗುತ್ತಿದ್ದವು, ಸೀನಿದ ಮೇಲೂ ಮತ್ತೆ ಕೂತು ಅಂಟಿಸಿದ್ದು ಯಾರಿಗೆ ಕಾಣಬೇಕು?

ತೇಗವನ್ನು ಪೂರ್ತಿ ಬಿಡೋಕೆ ಮನಸ್ಸು ಬರಲಿಲ್ಲ. ಹಡಗಿನ ಬೆನ್ನುಮೂಳೆ, ಅಂದರೆ ತಳದ ಉದ್ದನೆ ಕೀಲ್, ಅದೊಂದನ್ನು ದಾರಂದದ ತುಂಡಿನಲ್ಲೇ ಮಾಡಿದೆ. ಥಿನ್ನರ್‌ನಲ್ಲಿ ಎಣ್ಣೆ ಒರೆಸಿ ಅಂಟಿಸಿದೆ. 1816ರಲ್ಲಿ ಟ್ರಿಂಕೋಮಲಿಯ ಕೀಲ್ ಇಟ್ಟಾಗ ವಾಡಿಯಾ ಅದಕ್ಕೊಂದು ಬೆಳ್ಳಿ ಮೊಳೆ ಹೊಡೆದಿದ್ದರು, ಹಡಗಿಗೆ ಒಳ್ಳೆಯದಾಗಲಿ ಅಂತ. ಅದು ಪಾರ್ಸಿಗಳ ಪದ್ಧತಿ. ನಾನೂ ಅಮ್ಮನ ಮುರಿದ ಕಾಲ್ಗೆಜ್ಜೆಯಿಂದ ಒಂದು ಚೂರು ಬೆಳ್ಳಿ ತಂತಿ ಕತ್ತರಿಸಿ, ಸೂಜಿ ತೂತು ಮಾಡಿ ಕೂರಿಸಿದೆ.

ಹದಿನಾಲ್ಕು ತಿಂಗಳ ಭಾನುವಾರಗಳು ಮುಗಿದ ಮೇಲೆ ಆಚಾರಿಯನ್ನು ಕರೆದು ತೋರಿಸಿದೆ. ಹುರಿ, ಫಿರಂಗಿ ಕಿಂಡಿ ಯಾವುದನ್ನೂ ಅವರು ನೋಡಲಿಲ್ಲ. ಮೆಲ್ಲಗೆ ಎತ್ತಿ, ತಿರುಗಿಸಿ, ಕನ್ನಡಕ ಮೇಲೇರಿಸಿ ತಳ ನೋಡಿದರು.

“ಇದೊಂದೇ ತೇಗ ಅಲ್ವಾ ಸಾರ್?”

“ಹೌದು ಆಚಾರ್ರೇ.”

“ಮೊಳೆ ಯಾಕೆ ಹೊಡೆದ್ರಿ? ಅಂಟು ಹಿಡಿದಿದೆಯಲ್ಲ.”