ತಲೆನೋವು, ಮರೆವಿನ ಅಧ್ಯಯನಕ್ಕೆ ಸಹಿ ಹಾಕುವ ಮುನ್ನ

ನರರೋಗ ವಿಭಾಗದ ಓಪಿಡಿಯಲ್ಲಿ ತಪಾಸಣೆ ಮುಗಿದ ಮೇಲೆ ವೈದ್ಯರು ಕೇಳುತ್ತಾರೆ: ‘ನಮ್ಮಲ್ಲೊಂದು ಸ್ಟಡಿ ನಡೀತಿದೆ, ನಿಮ್ಮ ತಾಯಿಯವರನ್ನ ಸೇರಿಸ್ತೀರಾ?’ ಕೆಲವರು ‘ಪ್ರಯೋಗಕ್ಕೆ ನಮ್ಮಮ್ಮನೇ ಬೇಕಾಗಿತ್ತಾ’ ಎಂದು ಹೆದರಿ ಎದ್ದುಬಿಡುತ್ತಾರೆ. ಇನ್ನು ಕೆಲವರು, ಬೇಡವೆಂದರೆ ಡಾಕ್ಟರಿಗೆ ಬೇಸರವಾದೀತೆಂದು ಓದದೆಯೇ ಸಹಿ ಹಾಕುತ್ತಾರೆ. ಕಾಗದವನ್ನು ಮನೆಗೆ ತಂದು, ಕೇಳಬೇಕಾದ್ದನ್ನೆಲ್ಲ ಕೇಳಿ, ಆಮೇಲೆ ಹೂಂ ಅಥವಾ ಉಹೂಂ ಅನ್ನುವುದೇ ಸರಿ.

ಇಂಥ ಅಧ್ಯಯನಗಳಲ್ಲಿ ನಮ್ಮ ಜನ ಇರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 2,329 ಮಂದಿಯನ್ನು ಮಾತನಾಡಿಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ವರ್ಷದೊಳಗೆ ಮೈಗ್ರೇನ್ ಕಾಡಿದವರ ಪ್ರಮಾಣ ಅದರಲ್ಲಿ ಶೇ 25.2. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4 ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಇಷ್ಟು ಜನ ನರಳುವ ಕಾಯಿಲೆಗೆ ಯಾವ ಔಷಧ ನಮ್ಮವರಿಗೆ ಒಗ್ಗುತ್ತದೆ ಎಂಬುದು ನಮ್ಮವರಲ್ಲೇ ಪರೀಕ್ಷೆಯಾಗಬೇಕು.

ಯಾವ ಬಗೆಯ ಅಧ್ಯಯನ?

ಮೊದಲ ಪ್ರಶ್ನೆ: ಇದರಲ್ಲಿ ಔಷಧ ಕೊಡುತ್ತೀರೋ, ಬರೀ ಗಮನಿಸುತ್ತೀರೋ? ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವ ‘ಸ್ಯಾನ್ಸ್‌ಕಾಗ್’ ಎರಡನೆಯ ಬಗೆಯದು. 45 ದಾಟಿದ ಹಳ್ಳಿಗರ ರಕ್ತ, ನೆನಪು, ಮಿದುಳಿನ ಸ್ಕ್ಯಾನ್‌ಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ಅದು, ಔಷಧ ಕೊಡುವುದಿಲ್ಲ. ಇಂಥದ್ದರಲ್ಲಿ ಅಪಾಯ ಕಡಿಮೆ. ಹೊಸ ಔಷಧವನ್ನು ಜನರಲ್ಲಿ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್ ಆದರೆ ಮುಂದಿನದ್ದೆಲ್ಲ ನಿಮಗೆ ಬೇಕು.

ನೋಂದಣಿ ನೋಡಿ

‘ಸಿಟಿಆರ್‌ಐ ನಂಬರ್ ಕೊಡಿ’ ಎಂದು ಕೇಳಿ. ಸಿಟಿಆರ್‌ಐ ಎಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ವ್ಯವಸ್ಥೆ. ಅದು ಶುರುವಾದದ್ದು 2007ರಲ್ಲಿ. ಔಷಧ ಪ್ರಯೋಗಗಳಿಗೆ ಅದು ಕಡ್ಡಾಯವಾದದ್ದು 2009ರಲ್ಲಿ. ಅದರ ಜಾಲತಾಣ ಯಾರು ಬೇಕಾದರೂ ತೆರೆದು ನೋಡಬಹುದಾದದ್ದು. ಯಾರು ಹಣ ಹಾಕಿದ್ದಾರೆ, ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಭಾಗವಹಿಸುವವರ ಹಿತ ಕಾಯುವ ನೈತಿಕ ಸಮಿತಿ ಒಪ್ಪಿದೆಯೇ, ಎಂಥವರನ್ನು ಸೇರಿಸಿಕೊಳ್ಳುತ್ತಾರೆ ಎಲ್ಲವೂ ಅಲ್ಲಿರುತ್ತದೆ. ಭಾಷೆ ಇಂಗ್ಲಿಷ್. ಮನೆಯ ಕಾಲೇಜು ಮಕ್ಕಳ ಕೈಗೆ ಫೋನ್ ಕೊಟ್ಟು ಓದಿಸಿ.

ಒಪ್ಪಿಗೆ ಪತ್ರ

ಇದು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಒಂದು ಪ್ರತಿ ನಿಮಗೆ ಸಿಗಬೇಕು. ಓದಲು ಬಾರದವರಾದರೆ, ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಯಾರಿಗೆ ನಿಜವಾದ ಔಷಧ, ಯಾರಿಗೆ ಔಷಧವಿಲ್ಲದ ಗುಳಿಗೆ ಎಂಬುದು ಅನೇಕ ಅಧ್ಯಯನಗಳಲ್ಲಿ ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ರೋಗಿಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ. ಅದಕ್ಕೇ ‘ಅಮ್ಮನಿಗೆ ಹೊಸ ಔಷಧ ಸಿಕ್ಕೇ ಸಿಗುತ್ತದೆ’ ಎಂಬ ಆಸೆಯಿಂದ ಸೇರಬೇಡಿ. ಅಧ್ಯಯನದ ಗುರಿ ಪ್ರಶ್ನೆಯೊಂದಕ್ಕೆ ಉತ್ತರ ಹುಡುಕುವುದು, ನಿಮ್ಮೊಬ್ಬರ ಚಿಕಿತ್ಸೆಯಲ್ಲ. ಈಗ ನುಂಗುತ್ತಿರುವ ಮಾತ್ರೆಗಳು ಮುಂದುವರಿಯುತ್ತವೆಯೇ, ಎಷ್ಟು ಸಲ ಬರಬೇಕು, ಬಸ್ಸು-ಆಟೊ ಖರ್ಚು ಯಾರದು ಎಂಬುದನ್ನೂ ಅಲ್ಲೇ ಕೇಳಿ.

ತಲೆನೋವಿನವರಿಗೆ ಡೈರಿಯೇ ಜೀವಾಳ

ತಲೆನೋವನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ. ಮೈಗ್ರೇನ್ ತಡೆಯುವ ಔಷಧ ಕೆಲಸ ಮಾಡಿತೋ ಇಲ್ಲವೋ ಎಂಬುದು ತಿಂಗಳಲ್ಲಿ ನೋವಿನ ದಿನಗಳು ಎಷ್ಟು ಕಡಿಮೆಯಾದವು ಎಂಬ ಲೆಕ್ಕದ ಮೇಲೆ ನಿಂತಿದೆ. ಹಾಗಾಗಿ ಔಷಧ ಕೊಡುವ ಮೊದಲೇ ಸಾಮಾನ್ಯವಾಗಿ ನಾಲ್ಕು ವಾರ ಡೈರಿ ಬರೆಸುತ್ತಾರೆ. ಯಾರೂ ಕೇಳುವ ಮೊದಲೇ ನೀವು ಶುರು ಮಾಡಿ. ಅಧ್ಯಯನಕ್ಕೆ ಸೇರದಿದ್ದರೂ ಮಾಮೂಲು ಚಿಕಿತ್ಸೆಗೆ ಇದರಷ್ಟು ನೆರವಾಗುವುದು ಇನ್ನೊಂದಿಲ್ಲ.

ಗೋಡೆಯ ಕ್ಯಾಲೆಂಡರ್ ಸಾಕು. ನೋವು ಎಷ್ಟಕ್ಕೆ ಹಿಡಿಯಿತು, ಎಷ್ಟಕ್ಕೆ ಬಿಟ್ಟಿತು, ಅರ್ಧ ತಲೆಯೋ ಪೂರ್ತಿಯೋ, ಮಿಡಿಯುವ ನೋವೋ ಬಿಗಿಯುವ ನೋವೋ, ವಾಂತಿ, ಬೆಳಕು-ಸದ್ದು ತಡೆಯಲಾಗದಿರುವುದು, ಮುಟ್ಟಿನ ದಿನಗಳು. ಎಲ್ಲಕ್ಕಿಂತ ಮುಖ್ಯವಾಗಿ, ನುಂಗಿದ ಪ್ರತಿ ಮಾತ್ರೆಯ ಹೆಸರು. ಮೆಡಿಕಲ್ ಶಾಪಿನಿಂದ ತಂದ ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್ (ಮೈಗ್ರೇನ್ ಬಂದಾಗ ನುಂಗುವ ಔಷಧ) ಅಥವಾ ಒಂದಕ್ಕಿಂತ ಹೆಚ್ಚು ನೋವಿನ ಔಷಧ ಸೇರಿದ ಬೆರಕೆ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳ ಮೇಲೂ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವನ್ನು ಹೆಚ್ಚಿಸಬಲ್ಲದು. ಬಹಳ ಮಂದಿ ಇದನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ದಯವಿಟ್ಟು ಬರೆಯಿರಿ, ಕಷಾಯವನ್ನೂ ಬರೆಯಿರಿ. ಮಗುವಿನ ಯೋಚನೆ ಇರುವ ಹೆಣ್ಣುಮಕ್ಕಳು ಅದನ್ನು ಮೊದಲ ದಿನವೇ ಹೇಳಬೇಕು. ಮೈಗ್ರೇನ್ ತಡೆಯಲು ಕೊಡುವ ವಾಲ್‌ಪ್ರೊಯೇಟ್, ಟೊಪಿರಮೇಟ್‌ನಂಥ ಔಷಧಗಳು ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡಬಲ್ಲವು.

ಮರೆವಿನ ಕಾಯಿಲೆಯಾದರೆ

ಇಲ್ಲಿ ನಿರ್ಧಾರ ಸೂಕ್ಷ್ಮ. ಕಾಯಿಲೆಯ ಆರಂಭದಲ್ಲಿ ಅನೇಕರಿಗೆ ವಿಷಯ ತಿಳಿದು ಒಪ್ಪುವ ಶಕ್ತಿ ಇರುತ್ತದೆ. ಅವರನ್ನು ಬದಿಗೆ ಕೂರಿಸಿ ಮಕ್ಕಳೇ ತೀರ್ಮಾನಿಸುವುದು ತಪ್ಪು. ಆ ಶಕ್ತಿ ಹೋಗಿದ್ದರೆ ಕಾನೂನು ಒಪ್ಪುವ ಪ್ರತಿನಿಧಿ ಸಹಿ ಹಾಕಬಹುದು. ಆದರೂ ಅಪ್ಪ ಸೂಜಿ ಕಂಡಾಗೆಲ್ಲ ಕೈ ಹಿಂದಕ್ಕೆಳೆದರೆ ಅದನ್ನೂ ಬೇಡವೆಂದೇ ತಿಳಿಯಬೇಕು. ಜೊತೆಗೆ ಬಂದು, ದಿನನಿತ್ಯದ ಬದಲಾವಣೆ ಹೇಳುವ ಒಬ್ಬರು ಕೊನೆಯವರೆಗೂ ಬೇಕು. ಅದು ಯಾರೆಂದು ಅಣ್ಣತಮ್ಮಂದಿರು, ಅಕ್ಕತಂಗಿಯರು ಮೊದಲೇ ಮಾತಾಡಿಕೊಳ್ಳಿ. ಬಹುಪಾಲು ಈ ಹೊರೆ ಸೊಸೆಯ ಹೆಗಲೇರುತ್ತದೆ, ಆದರೆ ಅವರನ್ನು ಯಾರೂ ಕೇಳಿರುವುದಿಲ್ಲ.

ಫಲಿತಾಂಶದ ಸುದ್ದಿ ಓದುವುದನ್ನೂ ಕಲಿಯಬೇಕು. ಲೆಕಾನೆಮ್ಯಾಬ್ ಎಂಬ, ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ಔಷಧವನ್ನು 1,795 ಮಂದಿಯಲ್ಲಿ 18 ತಿಂಗಳು ಪರೀಕ್ಷಿಸಿದಾಗ ‘ಕಾಯಿಲೆಯ ವೇಗ ಶೇ 27 ಕಡಿಮೆ’ ಎಂಬ ಸುದ್ದಿ ಬಂತು. ನೆನಪು, ದಿನನಿತ್ಯದ ಕೆಲಸಗಳನ್ನು ಅಳೆಯುವ 18 ಅಂಕದ ಮಾಪಕದಲ್ಲಿ ಔಷಧ ಪಡೆದವರು 1.21 ಅಂಕ ಹದಗೆಟ್ಟರು, ಪಡೆಯದವರು 1.66. ವ್ಯತ್ಯಾಸ 0.45. ಎರಡು ವಾರಕ್ಕೊಮ್ಮೆ ಡ್ರಿಪ್, ಜೊತೆಗೆ ಔಷಧ ಪಡೆದವರಲ್ಲಿ ಶೇ 12.6 ಮಂದಿಗೆ ಮಿದುಳಿನ ಊತ ಸ್ಕ್ಯಾನ್‌ನಲ್ಲಿ ಕಂಡಿತು. ಪಡೆಯದವರಲ್ಲಿ ಅದು ಶೇ 1.7. ನೀವು ಕೇಳಬೇಕಾದ್ದು ಶೇಕಡಾವಾರು ಅಲ್ಲ: ‘ಅಮ್ಮನ ದಿನಚರಿಯಲ್ಲಿ ಇದರಿಂದ ಏನು ಬದಲಾಗಬಹುದು? ಎಷ್ಟು ಸಲ ಎಂಆರ್‌ಐ? ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆ, ತೊಂದರೆಯೇ?’

ತೊಂದರೆಯಾದರೆ, ಬಿಡಬೇಕೆನಿಸಿದರೆ

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪ್ರಯೋಗದಲ್ಲಿ ತೊಂದರೆಯಾದರೆ ಉಚಿತ ಚಿಕಿತ್ಸೆ ಸಿಗಬೇಕು. ಪ್ರಯೋಗವೇ ಕಾರಣವಾಗಿದ್ದರೆ ಪರಿಹಾರದ ಹಣವೂ ಸಿಗಬೇಕು. ಕಾರಣ ಹೇಳದೆಯೂ ಹೊರಬರಬಹುದು; ಅದರಿಂದ ಮಾಮೂಲು ಚಿಕಿತ್ಸೆ ನಿಲ್ಲಬಾರದು. ಆದರೆ ಮಾತ್ರೆಯನ್ನು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ಮೈಗ್ರೇನ್‌ಗೆ ಕೊಡುವ ಪ್ರೊಪ್ರನೊಲಾಲ್‌ನಂಥವನ್ನು ಹಂತಹಂತವಾಗಿ ಇಳಿಸಬೇಕು. ಮೊದಲು ಅಧ್ಯಯನದ ವೈದ್ಯರಿಗೆ ಫೋನ್ ಮಾಡಿ. ಅವರ ಉತ್ತರ ಸಮಾಧಾನ ತರದಿದ್ದರೆ ನೈತಿಕ ಸಮಿತಿಗೆ ಬರೆಯಿರಿ. ಅದರ ವಿಳಾಸ, ನಂಬರ್ ನಿಮ್ಮ ಬಳಿಯಿರುವ ಒಪ್ಪಿಗೆ ಪತ್ರದಲ್ಲೇ ಇರಬೇಕು.