ನಮ್ಮ ಬ್ಯಾಲೆ ಸ್ಕೂಲಿನ ಯೂನಿಫಾರ್ಮ್ ರೂಲ್ಸ್ ಬದಲಾಯಿಸಿದ್ದು: ನನ್ನ ಅನುಭವ

ನಾನು ಬ್ಯಾಲೆ ಕಲಿಸ್ತೀನಿ, ಜೊತೆಗೆ ಸ್ಕೂಲಿನ ಆಫೀಸ್ ಕೆಲಸನೂ ನನ್ನ ತಲೆ ಮೇಲೇ ಇದೆ, ಹಾಗಾಗಿ ಯೂನಿಫಾರ್ಮ್ ಬಗ್ಗೆ ಯಾರ ತಕರಾರಿದ್ರೂ ಕೊನೆಗೆ ನನ್ನ ಹತ್ರನೇ ಬರುತ್ತೆ. ಹಳೇ ಪಾಲಿಸಿ ಒಂದೇ ಪೇಜಿನದ್ದು. ಹುಡುಗೀರಿಗೆ ಪಿಂಕ್ ಟೈಟ್ಸ್, ಪಿಂಕ್ ಶೂ, ಲೆವೆಲ್‌ಗೊಂದು ಬಣ್ಣದ ಲಿಯೋಟಾರ್ಡ್ (ಮೈಗಂಟೋ ಒನ್‌ಪೀಸ್ ಬಟ್ಟೆ), ತಲೆಗೆ ತುರುಬು. ಹುಡುಗ್ರಿಗೆ ಬಿಳಿ ಟೀ ಶರ್ಟ್, ಕಪ್ಪು ಟೈಟ್ಸ್. ಯಾಕೆ ಅಂತ ಎಲ್ಲೂ ಬರೆದಿರ್ಲಿಲ್ಲ, ಯಾರಾದ್ರೂ ಕೇಳಿದ್ರೆ "ಬ್ಯಾಲೆ ಅಂದ್ರೆ ಹಂಗೇನೇ" ಅಂತ ಹೇಳಿ ಸಾಗಹಾಕೋದು.

ಬದಲಾಯಿಸೋಣ ಅಂತ ಟೀಚರ್ಸ್ ಎಲ್ಲ ಕೂತಾಗ ಒಂದು ಷರತ್ತು ಹಾಕ್ಕೊಂಡ್ವಿ. ಪ್ರತಿ ರೂಲ್ ಮುಂದೆ, ಇದ್ರಿಂದ ಕ್ಲಾಸಲ್ಲಿ ನಮಗೆ ಏನು ಕಾಣುತ್ತೆ, ಇಲ್ಲಾಂದ್ರೆ ಮಕ್ಕಳಿಗೆ ಯಾವ ಪೆಟ್ಟು ತಪ್ಪುತ್ತೆ, ಎರಡರಲ್ಲಿ ಒಂದನ್ನ ಬರೀಬೇಕು. ಬರಿಯೋಕೆ ಏನೂ ಸಿಗ್ಲಿಲ್ವಾ, ರೂಲ್ ಔಟ್.

ಮೈಗಂಟೋ ಬಟ್ಟೆ ಈ ಪರೀಕ್ಷೆಲಿ ಸಲೀಸಾಗಿ ಪಾಸಾಯ್ತು. ಪ್ಲಿಯೆ, ಅಂದ್ರೆ ಮಂಡಿ ಬಗ್ಗಿಸೋದು, ಮಾಡುವಾಗ ಮಂಡಿ ಕಾಲ್ಬೆರಳಿನ ನೇರಕ್ಕೇ ಹೋಗ್ಬೇಕು, ಟರ್ನ್‌ಔಟ್ (ಕಾಲು ಹೊರಕ್ಕೆ ತಿರುಗಿಸೋದು) ಸೊಂಟದ ಕೀಲಿಂದ ಬರ್ಬೇಕು. ಎಷ್ಟೋ ಮಕ್ಕಳು ಪಾದ ಮಾತ್ರ ಎಳೆದು ಹೊರಗೆ ತಿರುಗಿಸಿಟ್ಟು ಮಂಡಿ ಒಳಗೆ ಬೀಳಿಸ್ತಾರೆ, ದಿನಾ ಹಿಂಗೇ ಮಾಡಿದ್ರೆ ಮಂಡಿ ಕತೆ ಮುಗೀತು. ಲೂಸ್ ಪ್ಯಾಂಟ್ ಹಾಕಿದ್ರೆ ಇದು ಟೀಚರ್‌ಗೆ ಕಾಣೋದೇ ಇಲ್ಲ. ದಪ್ಪ ಸ್ಕರ್ಟೂ ಅಷ್ಟೇ, ಸೊಂಟ ಒಂದು ಕಡೆ ಎತ್ತಿದ್ರೆ ಮುಚ್ಚಿಬಿಡುತ್ತೆ. ಅದಕ್ಕೆ ಬಾರ್ (ಆಸರೆಗೆ ಹಿಡಿಯೋ ಕಂಬಿ) ಹಿಡಿದು ಮಾಡೋ ಹೊತ್ತಲ್ಲಿ ಸ್ಕರ್ಟ್ ಬೇಡ, ಆಮೇಲೆ ತೆಳ್ಳಂದು ಓಕೆ ಅಂತ ಬರೆದ್ವಿ. ಲೆಗ್ ವಾರ್ಮರ್ ಮೈ ಬಿಸಿ ಆಗೋವರೆಗೆ ಮಾತ್ರ. (18ನೇ ಶತಮಾನದಲ್ಲಿ ಮರೀ ಕಮಾರ್ಗೊ ಅನ್ನೋ ಬ್ಯಾಲೆ ಡ್ಯಾನ್ಸರ್ ತನ್ನ ಪಾದದ ಕೆಲಸ ಜನಕ್ಕೆ ಕಾಣ್ಲಿ ಅಂತ ಸ್ಕರ್ಟ್ ಮೋಟು ಮಾಡ್ಕೊಂಡಿದ್ದೇ ಆಗ ದೊಡ್ಡ ಸುದ್ದಿ, ಅಂದ್ರೆ ನಾವು ಸಂಪ್ರದಾಯ ಅಂತ ಹೇಳೋದೆಲ್ಲ ಒಂದು ಕಾಲದಲ್ಲಿ ಯಾರೋ ರೂಲ್ ಮುರಿದಿದ್ದೇ.)

ಜಾಸ್ತಿ ಜಗ್ಗಾಡಿದ್ದು ಪಿಂಕ್ ಟೈಟ್ಸ್ ವಿಷಯಕ್ಕೆ. ಅದಕ್ಕೆ ಕಾರಣ ಏನು ಅಂತ ಬರೆಯೋಕೆ ಹೋದಾಗ ಸಿಕ್ಕಿದ್ದು ಲೈನ್, ಅಂದ್ರೆ ಸೊಂಟದಿಂದ ಬೆರಳ ತುದಿವರೆಗೆ ಕಾಲು ಎಲ್ಲೂ ತುಂಡಾಗದೆ ಒಂದೇ ಎಳೆಯಾಗಿ ಕಾಣ್ಬೇಕು ಅನ್ನೋದು. ಸರಿ, ಆದ್ರೆ ಪಿಂಕ್ ಆ ಕೆಲಸ ಮಾಡೋದು ಬಿಳಿ ಚರ್ಮದವರಿಗೆ ಮಾತ್ರ ಅಲ್ವಾ, ಕಂದು ಮೈಬಣ್ಣದ ಹುಡುಗಿಗೆ ಅದೇ ಪಿಂಕ್ ಹಾಕಿಸಿದ್ರೆ ಮೈ ಒಂದು ಬಣ್ಣ ಕಾಲು ಒಂದು ಬಣ್ಣ, ಲೈನ್ ಸೊಂಟದ ಹತ್ರನೇ ಕಟ್. ರೂಲಿಗೆ ಕೊಟ್ಟ ಕಾರಣವೇ ರೂಲನ್ನ ಬೀಳಿಸ್ತು. ಇದೇನು ನಾವು ಕಂಡುಹಿಡಿದಿದ್ದಲ್ಲ ಬಿಡಿ. ಕಪ್ಪು ವರ್ಣೀಯ ಬ್ಯಾಲೆ ಡ್ಯಾನ್ಸರ್ ಆರ್ಥರ್ ಮಿಚೆಲ್ 1969ರಲ್ಲಿ ನ್ಯೂಯಾರ್ಕಲ್ಲಿ ಶುರು ಮಾಡಿದ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ತಂಡದವರು 70ರ ದಶಕದಲ್ಲೇ ಅವರವರ ಮೈಬಣ್ಣದ ಟೈಟ್ಸ್, ಶೂ ಹಾಕಿ ಸ್ಟೇಜ್ ಹತ್ತಿದ್ರು. ಆದ್ರೆ ಅಂಗಡಿಗೆ ಅದು ಬರೋಕೆ ಯುಗಗಳೇ ಹಿಡೀತು, ಲಂಡನ್ನಿನ ಫ್ರೀಡ್ ಶೂ ಕಂಪನಿ, ಕಪ್ಪು ಮತ್ತು ಏಷ್ಯನ್ ಡ್ಯಾನ್ಸರ್‌ಗಳ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣದ ಪಾಯಿಂಟ್ ಶೂ (ಬೆರಳ ತುದಿ ಮೇಲೆ ನಿಲ್ಲೋಕೆ ಹಾಕೋ ಗಟ್ಟಿ ತುದಿಯ ಶೂ) ತಂದಿದ್ದು 2018ರಲ್ಲಿ. ಅಲ್ಲಿವರೆಗೆ ಡ್ಯಾನ್ಸರ್‌ಗಳು ಸ್ಪಾಂಜಲ್ಲಿ ಮೇಕಪ್ ಫೌಂಡೇಶನ್ ಅದ್ದಿ ಪಿಂಕ್ ಸ್ಯಾಟಿನ್ ಮೇಲೆ ಒತ್ತಿ ಒತ್ತಿ ಹಚ್ಚಿ, ರಿಬ್ಬನ್‌ಗೂ ಹಚ್ಚಿ ಒಣಗಿಸ್ಕೋತಿದ್ರು. ಜಾಸ್ತಿ ಒದ್ದೆ ಮಾಡಿದ್ರೆ ಶೂ ಮೆತ್ತಗಾಗುತ್ತೆ, ಹೊಸ ಜೋಡಿ ತಗೊಂಡ್ರೆ ಮತ್ತೆ ಮೊದಲಿಂದ. ಈಗಲೂ ಶೇಡ್ ಸಿಗದಿದ್ದವರಿಗೆ ಇದೇ ದಾರಿ.

ಹೊಸ ರೂಲ್ ಇಷ್ಟೇ: ಟೈಟ್ಸ್, ಶೂ ಎರಡೂ ಒಂದೇ ಶೇಡ್ ಇರ್ಲಿ, ಪಿಂಕೋ ಮೈಬಣ್ಣವೋ ಅದು ಮಕ್ಕಳಿಷ್ಟ. ಶೇಡ್ ನೋಡೋಕೆ ಒಂದು ಉಪಾಯ ಹೇಳ್ತೀನಿ. ಟೈಟ್ಸನ್ನ ಪ್ಯಾಕೆಟ್ಟಲ್ಲಿ ನೋಡಿ ತಗೋಬೇಡಿ, ಒಳಗೆ ಕೈ ತೂರಿಸಿ ಬೆರಳು ಅಗಲ ಮಾಡಿ ಎಳೆದು, ಕಿಟಕಿ ಬೆಳಕಲ್ಲಿ ಕಾಲಿನ ಪಕ್ಕ ಹಿಡಿದು ನೋಡಿ. ಎಳೆದ ತಕ್ಷಣ ಬಣ್ಣ ತಿಳಿಯಾಗುತ್ತೆ, ಮಡಚಿದಾಗ ಸರಿ ಅನ್ಸಿದ್ದು ಹಾಕ್ಕೊಂಡಾಗ ಬೆಳ್ಳಗೆ ಕಾಣುತ್ತೆ.

ಲೆವೆಲ್ ಬಣ್ಣ ತೆಗೆದೇಬಿಟ್ವಿ. ಒಂದು ಮಗು ಮುಂದಿನ ಲೆವೆಲ್‌ಗೆ ಹೋಗ್ಲಿಲ್ಲ ಅನ್ನೋದು ಅದರ ಬೆನ್ನ ಮೇಲೇ ಬರೆದಂಗೆ ಎಲ್ರಿಗೂ ಕಾಣ್ತಿತ್ತು, ಅದರ ಮೇಲೆ ಲೆವೆಲ್ ದಾಟಿದಾಗಲೆಲ್ಲ ಹೊಸ ಲಿಯೋಟಾರ್ಡ್ ಖರ್ಚು ಬೇರೆ. ಈಗ ಗಾಢ ಬಣ್ಣ ಯಾವುದಾದ್ರೂ ಸರಿ. ತಿಳಿ ಬಣ್ಣ ಬೇಡ ಅಂದಿದ್ದು ದೊಡ್ಡ ಹುಡುಗೀರಿಗೋಸ್ಕರ, ಪೀರಿಯಡ್ಸ್ ಟೈಮಲ್ಲಿ ತಿಳಿ ಲಿಯೋಟಾರ್ಡ್ ಹಾಕಿ ಕಾಲೆತ್ತು ಅಂದ್ರೆ ಅವರ ಗಮನ ಪಾಠದ ಮೇಲೆ ಎಲ್ಲಿರುತ್ತೆ. ಲಿಯೋಟಾರ್ಡ್ ಮೇಲೆ ಬಿಗಿ ಕಪ್ಪು ಶಾರ್ಟ್ಸ್ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಹಾಕ್ಬಹುದು, ಯಾಕೆ ಅಂತ ಟೀಚರ್ ಕೇಳೋ ಹಾಗಿಲ್ಲ, ಇದನ್ನ ಪಾಲಿಸಿಲೇ ಬರೆದಿದೀವಿ. ಹುಡುಗ್ರು ಹುಡುಗೀರು ಅಂತ ಎರಡು ಪಟ್ಟಿ ಇಲ್ಲ, ಒಂದೇ ಪಟ್ಟಿ, ಬೇಕಾದ್ದು ಆರಿಸ್ಕೊಳ್ಳಿ. ಮೈ ಪೂರ್ತಿ ಮುಚ್ಕೋಬೇಕು ಅನ್ನೋರಿಗೆ ಉದ್ದ ತೋಳಿನ ಬಿಗಿ ಟಾಪ್, ಲೆಗ್ಗಿಂಗ್ಸ್ ಇದೆ. ಡ್ಯಾನ್ಸ್ ಬೆಲ್ಟ್ (ಹುಡುಗ್ರು ಟೈಟ್ಸ್ ಒಳಗೆ ಹಾಕೋ ಬಿಗಿ ಒಳಉಡುಪು) ವಿಷಯ ಮಾತ್ರ ಎಲ್ಲರ ಮುಂದೆ ಎತ್ತದೆ ಆಯಾ ಹುಡುಗನ ಮನೆಯವರಿಗೆ ಬೇರೆಯಾಗಿ ಹೇಳ್ತೀವಿ.

ಕೂದಲಿಗೆ ತುರುಬೇ ಆಗ್ಬೇಕು ಅನ್ನೋದು ಹೋಯ್ತು. ಕತ್ತು ಕಾಣ್ಬೇಕು, ಕೂದಲು ಕಣ್ಣ ಮೇಲೆ ಬೀಳ್ಬಾರ್ದು, ಪಿರುವೆಟ್ ಸುತ್ತುವಾಗ ಬಿಚ್ಕೋಬಾರ್ದು. ಜಡೆ ಸುತ್ತಿ ಕಟ್ಟಿದ್ರೂ ಆಯ್ತು, ಮೋಟು ಕೂದಲಿಗೆ ಬ್ಯಾಂಡ್ ಸಾಕು, ತಲೆವಸ್ತ್ರ ಪಿನ್ ಇಲ್ದೆ ಬಿಗಿಯಾಗಿ ಕೂತ್ರೆ ಅದೂ ಸರಿ. ಉಂಗುರ, ಬಳೆ, ಜೋತಾಡೋ ಓಲೆ ಬೇಡ.

ಶೂ ವಿಷಯದಲ್ಲಿ ಮಾತ್ರ ಮೊದಲಿಗಿಂತ ಸ್ಟ್ರಿಕ್ಟ್ ಆದ್ವಿ. "ಸ್ವಲ್ಪ ದೊಡ್ಡದೇ ತಗೊಂಡ್ರೆ ಮುಂದಿನ ವರ್ಷಕ್ಕೂ ಆಗುತ್ತಲ್ಲ ಮೇಡಂ" ಅಂತ ಅಪ್ಪ ಅಮ್ಮಂದಿರು ಕೇಳೋದು ಸಹಜ, ಆದ್ರೆ ಮಿಕ್ಕಿದ ಬಟ್ಟೆ ಬೆರಳ ಕೆಳಗೆ ಮಡಚ್ಕೊಂಡು ಕಾಲು ಜಾರುತ್ತೆ, ಪಾದ ಪೂರ್ತಿ ಚಾಚಿದೆಯಾ ಇಲ್ವಾ ಅಂತಾನೂ ಗೊತ್ತಾಗಲ್ಲ. ಎಲಾಸ್ಟಿಕ್ ಹೊಲಿದಿರ್ಬೇಕು, ಶೂ ಬಿಗಿ ಮಾಡೋ ದಾರದ ತುದಿ ಒಳಗೆ ಸೇರಿಸಿರ್ಬೇಕು. ಪಾಯಿಂಟ್ ಶೂ ಟೀಚರ್ ಹೇಳೋವರೆಗೆ ಕೊಳ್ಳೋ ಹಾಗೇ ಇಲ್ಲ, ಹುಟ್ಟಿದಹಬ್ಬದ ಗಿಫ್ಟಿಗೂ ಬೇಡ.

ಜಾರಿಗೆ ತರುವಾಗ ಗಡುವು ಇಡ್ಲಿಲ್ಲ, ಇರೋ ಯೂನಿಫಾರ್ಮ್ ಚಿಕ್ಕದಾಗೋವರೆಗೆ ಹಾಕ್ಲಿ. ಇಂಥ ಬ್ರ್ಯಾಂಡೇ ಆಗ್ಬೇಕು ಅಂತಿಲ್ಲ. ಚಿಕ್ಕದಾಗಿದ್ದನ್ನ ಒಗೆದು ತಂದು ಹಾಕೋಕೆ, ಬೇಕಾದವರು ತಗೊಳೋಕೆ ಒಂದು ಬೀರು ಇಟ್ಟಿದೀವಿ, ಯಾರು ತಗೊಂಡ್ರು ಅಂತ ಲೆಕ್ಕ ಬರೆಯಲ್ಲ. ಯೂನಿಫಾರ್ಮ್ ಇಲ್ದೆ ಬಂದ ಮಗುನ ಮೂಲೇಲಿ ಕೂರಿಸೋದು ನಿಂತಿದೆ, ಮಗು ಕ್ಲಾಸ್ ಮಾಡುತ್ತೆ, ಮೆಸೇಜ್ ಮನೆಗೆ ಹೋಗುತ್ತೆ.

ಪೇಪರಲ್ಲಿ ಬರೆಯೋದು ಸುಲಭ, ಟೀಚರ್‌ಗಳ ಬಾಯಿಗೆ ಹೊಸ ಮಾತು ಬರೋದೇ ಕಷ್ಟ ಆಗಿದ್ದು. ಮಾತಾಡಿದ್ರೆ ಬಟ್ಟೆ ಬಗ್ಗೆ ಮಾತಾಡಿ, ಮೈ ಬಗ್ಗೆ ಬೇಡ ಅಂತ ತೀರ್ಮಾನ ಮಾಡಿದ್ವಿ. "ಹೊಟ್ಟೆ ಎಳ್ಕೋ, ಲಿಯೋಟಾರ್ಡಲ್ಲಿ ಎದ್ದು ಕಾಣ್ತಿದೆ" ಅನ್ನೋದೆಲ್ಲ ಬಂದ್, "ಲಿಯೋಟಾರ್ಡ್ ಬಿಗಿ ಆಗಿದೆ ಕಣೋ, ಒಂದು ಸೈಜ್ ದೊಡ್ಡದು ನೋಡು" ಅನ್ನೋದು ಸರಿ. ಕನ್ನಡಿ ಮುಂದೆ ಬಿಗಿ ಬಟ್ಟೇಲಿ ನಿಂತಿರೋ ಹದಿಮೂರು ಹದಿನಾಲ್ಕರ ಮಕ್ಕಳಿಗೆ ಈ ಎರಡು ಮಾತಿನ ಮಧ್ಯೆ ಎಷ್ಟು ದೂರ ಇದೆ ಅಂತ ಹೊಸಬರಿಗೆ ಬೇಗ ಅರ್ಥ ಆಯ್ತು, ನನ್ನ ವಯಸ್ಸಿನವರಿಗೆ ಸ್ವಲ್ಪ ಟೈಮ್ ಬೇಕಾಯ್ತು, ನಾವು ಅಂಥ ಮಾತು ಕೇಳ್ಕೊಂಡೇ ಬೆಳೆದವರು.

ಇನ್ನೊಂದು, ಬ್ಯಾಲೆ ಪರೀಕ್ಷೆ ನಡೆಸೋ ಎಕ್ಸಾಮ್ ಬೋರ್ಡಿಗೆ ಅದರದ್ದೇ ಡ್ರೆಸ್ ನಿಯಮ ಇರುತ್ತೆ, ಅದಕ್ಕೆ ಮೊದಲೇ ಬೋರ್ಡ್‌ಗೆ ಮೇಲ್ ಹಾಕಿ ಬರವಣಿಗೇಲಿ ಉತ್ತರ ಇಟ್ಕೊಳ್ಳಿ. ಸ್ಟೇಜ್ ಶೋ ವಿಷಯ ನಮ್ಮಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಎಲ್ರೂ ಸಾಲಾಗಿ ಬಿಳಿ ಕಾಸ್ಟ್ಯೂಮಲ್ಲಿ ನಿಂತಾಗ ಕಾಲೂ ಒಂದೇ ಬಣ್ಣ ಇರ್ಬೇಕು ಅಂತ ನಮ್ಮ ಸೀನಿಯರ್ ಟೀಚರ್ ಒಬ್ರು ಪಟ್ಟು ಹಿಡಿದಿದಾರೆ, ಕಾಲು ಒಟ್ಟಿಗೆ ಎದ್ರೆ ಬಣ್ಣ ಯಾರು ನೋಡ್ತಾರೆ ಅನ್ನೋದು ನನ್ನ ವಾದ. ಮುಂದಿನ ಶೋಗೆ ಮುಂಚೆ ಸ್ಟೇಜ್ ಲೈಟ್ ಹಾಕಿ ಎರಡೂ ಥರ ನಿಲ್ಲಿಸಿ ನೋಡೋದು ಅಂತ ಒಪ್ಪಂದ ಆಗಿದೆ.